ಅಪ್‌ಡೇಟ್: 40 ಲೀಟರ್ ಬಿಯರ್‌ಗೆ ಯೀಸ್ಟ್ ಸಾಕಾಯಿತು

ಹೋದ ಸಲ ಕೇಳಿದ್ದೆ ಅಲ್ವಾ, 20 ಲೀಟರ್ ಬದಲು 40 ಲೀಟರ್ ಮಾಡಿದರೆ ಒಂದೇ ಪ್ಯಾಕೆಟ್ ಲಿಕ್ವಿಡ್ ಯೀಸ್ಟ್ ಸಾಕಾ ಅಂತ. ಸಾಲದು, ಸ್ಟಾರ್ಟರ್ (ಯೀಸ್ಟ್ ಹೆಚ್ಚಾಗಲೆಂದು ಮೊದಲೇ ಸ್ವಲ್ಪ ಮಾಲ್ಟ್ ನೀರಲ್ಲಿ ಬೆಳೆಸುವುದು) ಮಾಡಿ ಅಂದಿದ್ದಿರಿ. ಮಾಡಿದೆ.

ಲೆಕ್ಕ ಹಾಕಿದಾಗಲೇ ಗಾಬರಿಯಾಯಿತು. 1.050 ಗ್ರಾವಿಟಿಯ (ಸಕ್ಕರೆ ಎಷ್ಟಿದೆ ಅಂತ ತೋರಿಸುವ ಸಾಂದ್ರತೆ, ನೀರಿಗೆ 1.000) 40 ಲೀಟರ್ ಏಲ್‌ಗೆ, ಅಂದರೆ ಬೆಚ್ಚಗೆ ಹುದುಗುವ ಬಿಯರ್‌ಗೆ, ಸುಮಾರು 37,000 ಕೋಟಿ ಯೀಸ್ಟ್ ಜೀವಕೋಶ ಬೇಕು. ನನ್ನ ಪ್ಯಾಕೆಟ್‌ನಲ್ಲಿ ಇದ್ದದ್ದು ಹೆಚ್ಚೆಂದರೆ 10,000 ಕೋಟಿ. ತಣ್ಣಗೆ ಹುದುಗುವ ಲಾಗರ್ ಆಗಿದ್ದರೆ ಇದರ ಎರಡು ಪಟ್ಟು ಬೇಕಿತ್ತು!

ಹಾಗಾಗಿ ಎರಡು ಹಂತ. ಮೊದಲು 1.5 ಲೀಟರ್, ಯೀಸ್ಟ್ ತಳದಲ್ಲಿ ಕೂತ ಮೇಲೆ ಮೇಲಿನ ನೀರು ಚೆಲ್ಲಿ ಮತ್ತೆ 2 ಲೀಟರ್. ಲೀಟರಿಗೆ 100 ಗ್ರಾಂ ಮಾಲ್ಟ್ ಪುಡಿ, 10 ನಿಮಿಷ ಕುದಿ, ಪೂರ್ತಿ ಆರಿಸಿದ ಮೇಲೆ ಯೀಸ್ಟ್. ಸ್ಟಿರ್ ಪ್ಲೇಟ್ (ತಾನೇ ಕಲಕುತ್ತಿರುವ ಯಂತ್ರ) ಇಲ್ಲ, ಹೋಗುವಾಗ ಬರುವಾಗ ಜಾಡಿ ಅಲುಗಾಡಿಸಿದೆ ಅಷ್ಟೇ. ಮೊದಲ ಸಲ ಕುದಿಸುವಾಗ ನೊರೆ ಉಕ್ಕಿ ಒಲೆಯೆಲ್ಲ ಅಂಟಂಟು. ದೊಡ್ಡ ಪಾತ್ರೆ ತಗೊಳ್ಳಿ ಎಂದವರ ಮಾತು ಕೇಳಬೇಕಿತ್ತು.

ಆಮೇಲೆ ಎರಡು ದಿನ ಫ್ರಿಜ್‌ನಲ್ಲಿಟ್ಟು, ತಳದ ಯೀಸ್ಟ್ ಗಸಿ ಮಾತ್ರ ಬಿಯರ್‌ಗೆ ಹಾಕಿದೆ. ಹಾಕಿದ ಒಂಬತ್ತು ಗಂಟೆಯಲ್ಲಿ ನೊರೆ ಬಂತು. ಸಕ್ಕರೆ ಹುದುಗಿ ಗ್ರಾವಿಟಿ 1.012ಕ್ಕೆ ಇಳಿದು ನಿಂತಿದೆ. ಗಸಿಯಲ್ಲಿ ಒಂದು ಬಾಟಲಿ ಮುಂದಿನ ಬ್ಯಾಚ್‌ಗೆ ಎತ್ತಿಟ್ಟಿದ್ದೇನೆ.