‘ಹೊಗೆಗೂಡಿನಲ್ಲಿ ಗೂಡು’: ಚಿಮ್ನಿ ಸ್ವಿಫ್ಟ್ ಫಲಕಕ್ಕೆ ಪದ ಬೇಕಾಗಿದೆ

ಮಾನ್ಯರೇ,

ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳು ಚಿಮ್ನಿ ಸ್ವಿಫ್ಟ್ ಹಕ್ಕಿಯ ಬಗ್ಗೆ ಸಿದ್ಧಪಡಿಸಿದ ಫಲಕ ಶುಕ್ರವಾರ ಅಚ್ಚಿಗೆ ಹೋಗಬೇಕು. ಅಮೆಜಾನ್ ಸೀಮೆಯಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಇಲ್ಲಿಗೆ ಬರುವ ಈ ಹಕ್ಕಿ ಹಿಂದೆ ಪೊಳ್ಳುಮರಗಳೊಳಗೆ ಗೂಡು ಕಟ್ಟುತ್ತಿತ್ತು. ಕಾಡು ಕಡಿದು ಮನೆಗಳೆದ್ದ ಮೇಲೆ ಚಿಮ್ನಿಗಳಿಗೆ ಇಳಿಯಿತು. ‘ಚಿಮಣಿ’ ಎಂದು ಬರೆದರೆ ನಮ್ಮೂರಿನವರಿಗೆ ಸೀಮೆಎಣ್ಣೆ ಬುಡ್ಡಿ ನೆನಪಾಗುತ್ತದೆ. ‘ಹೊಗೆಗೂಡಿನಲ್ಲಿ ಗೂಡು ಕಟ್ಟುತ್ತದೆ’ ಎಂದರೆ ನಾಲಿಗೆ ಎಡವುತ್ತದೆ. ಪುಳ್ಳೆಗಳನ್ನು ಅಂಟಿಸಿ ಗೂಡು ಕಟ್ಟಲು ಹಕ್ಕಿಯ ಬಾಯಿಂದ ಬರುವ ಅಂಟಿಗೆ ‘ಲಾಲಾರಸ’ವೋ ‘ಜೊಲ್ಲೋ’ ಎಂಬುದೂ ತೀರ್ಮಾನವಾಗಿಲ್ಲ.

ಮರು:

‘ಹೊಗೆಗೊಳವೆ’ ಎನ್ನಿ, ತೊಡಕು ಮುಗಿಯಿತು. ಆದೇಶ ಸಂಧಿಯನ್ನು ಮರೆತು ‘ಹೊಗೆಕೊಳವೆ’ ಎಂದು ಬರೆಯಬೇಡಿ. ‘ಚಿಮಣಿ’ ಗ್ರೀಕಿನಲ್ಲಿ ಹುಟ್ಟಿ, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್‌ಗಳ ಮನೆ ತಿರುಗಿ ಬಂದದ್ದು. ‘ಪೊಗೆ’ಯಿಂದ ಬಂದ ನಮ್ಮದೇ ‘ಹೊಗೆ’ ಇರುವಾಗ ಅದರ ಹಂಗೇಕೆ? ‘ಗೂಡು’ ಬಂದದ್ದೂ ‘ಕೂಡು’ ಧಾತುವಿನಿಂದಲೇ. ಪುಳ್ಳೆ ಪುಳ್ಳೆ ಕೂಡಿಸಿದ್ದು ಗೂಡು. ‘ಲಾಲಾರಸ’ವನ್ನು ಪಠ್ಯಪುಸ್ತಕಕ್ಕೆ ಬಿಡಿ.

ಮರು:

> ‘ಹೊಗೆಗೊಳವೆ’ ಎನ್ನಿ

ಸಂಧಿ ಸರಿ, ಪದ ತಪ್ಪು. ಕೂಡು–ಗೂಡು ನಂಟನ್ನೂ ಒಪ್ಪಲಾರೆ. ಧ್ವನಿ ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿಯಾಗದು.

ಈ ಹಕ್ಕಿಗೆ ಕೊಂಬೆಯ ಮೇಲೆ ಕೂರಲು ಬಾರದು. ಒರಟು ಗೋಡೆಗೆ ಉಗುರು ಕಚ್ಚಿಸಿ, ಬಾಲದ ಗರಿಗಳ ಮುಳ್ಳುತುದಿಯನ್ನು ಊರಿ, ನೆಟ್ಟಗೆ ನೇತುಬೀಳುತ್ತದೆ. ಹಾರುತ್ತಲೇ ಕಾಲಿನಿಂದ ಒಣ ಪುಳ್ಳೆಗಳನ್ನು ಮುರಿದು ತಂದು, ಸಂತಾನಕಾಲದಲ್ಲಿ ಹಿಗ್ಗುವ ಗ್ರಂಥಿಗಳ ಜೊಲ್ಲಿನಿಂದ ಒಂದೊಂದನ್ನೇ ಗೋಡೆಗೆ ಅಂಟಿಸಿ, ನಡುವೆ ಸೀಳಿದ ಬಟ್ಟಲಿನಂತಹ ಗೂಡನ್ನು ಕಟ್ಟುತ್ತದೆ. ಸಾಮಾನ್ಯವಾಗಿ 4–5 ಬಿಳಿಯ ಮೊಟ್ಟೆಗಳು, 19ರಿಂದ 21 ದಿನಗಳ ಕಾವು. ಹೆಚ್ಚುಕಡಿಮೆ 3 ವಾರಕ್ಕೆ ಮರಿಗಳು ಬಟ್ಟಲು ಬಿಟ್ಟು, ಪಕ್ಕದ ಇಟ್ಟಿಗೆಗಳನ್ನು ಕಚ್ಚಿಕೊಂಡು, ಮತ್ತೊಂದು ವಾರದಷ್ಟು ಕಾಲ ಅಲ್ಲಿಯೇ ರೆಕ್ಕೆ ಬಡಿದು ಬಲಿಯುತ್ತವೆ. ನುಣುಪಾದ ಲೋಹದ ಕೊಳವೆಯಲ್ಲಿ ಇದಾವುದೂ ಸಾಗದು. ಒಳಗಿಳಿದ ಹಕ್ಕಿ ಜಾರಿ ಬಿದ್ದು ಮೇಲೇರಲಾಗದೆ ಸಾಯುವುದುಂಟು. ‘ಕೊಳವೆ’ ಎಂದರೆ ಮಕ್ಕಳು ಕಾಣುವುದು ಅದನ್ನೇ. ಹಕ್ಕಿ ಸಾಯುವ ಜಾಗವನ್ನೇ ಅದರ ಮನೆಯೆಂದು ಫಲಕದಲ್ಲಿ ಬರೆಯುತ್ತೀರಾ?

ನಮ್ಮ ಹಳೆಯ ಮನೆಯಲ್ಲಿ ದೀಪದ ಗೂಡಿನೊಳಗೆ ಗುಬ್ಬಿ ಗೂಡು ಕಟ್ಟಿತ್ತು. ಅಜ್ಜಿ ಹಾಗೆಯೇ ಹೇಳುತ್ತಿದ್ದರು, ಯಾರ ನಾಲಿಗೆಯೂ ಎಡವಲಿಲ್ಲ.

ಮರು:

ಕೊಳವೆ ಹೋಗಲಿ. ಎರವಲಿಗೆ ಇಷ್ಟು ಕಾವಲು ಕಾಯುವವರು ‘ಸ್ವಿಫ್ಟ್’ ಅನ್ನು ಏಕೆ ಒಳಗೆ ಬಿಡುತ್ತೀರಿ? ‘ಬಾನಾಡಿ’ ಎಂಬ ಚೆಂದದ ಪದವಿದೆ.

ಮರು:

ಕಾವಲು ಕಾದವರು ತಾವು, ಸ್ವಾಮಿ. ಬಾನಾಡಿ ಎಂದರೆ ಕಾಗೆಯೂ ಆದೀತು.

ಮರು:

ಇಬ್ಬರಿಗೂ ವಂದನೆಗಳು. ‘ಇಟ್ಟಿಗೆಯ ಹೊಗೆಗೂಡಿನ ಒಳಗೋಡೆಗೆ ಸ್ವಿಫ್ಟ್ ಹಕ್ಕಿ ಜೊಲ್ಲಿನಿಂದ ಪುಳ್ಳೆಗಳನ್ನು ಅಂಟಿಸಿ ಗೂಡು ಕಟ್ಟುತ್ತದೆ’ ಎಂದು ತಿದ್ದಿ ಅಚ್ಚಿಗೆ ಕಳುಹಿಸಿದ್ದೇನೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ‘ಪುಳ್ಳೆ’ಯೇ ಗೊತ್ತಿಲ್ಲವಾದ್ದರಿಂದ ಅದರ ಪಕ್ಕದಲ್ಲಿ ಒಂದು ಚಿತ್ರವನ್ನು ಬರೆಸಿದ್ದೇನೆ.