ಹೊಸ ಹ್ಯಾಮ್ ಮಕ್ಕಳಿಗೆ ಹಳೆ ಸೆಟ್: ಕೇಳಿ, ಹೇಳ್ತಾರೆ

ಅಡ್ಮಿನ್: ಇವತ್ತು ಉಡುಪಿಯ ನಮ್ಮ ಹಿರಿಯ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಉತ್ತರ ಕೊಡುತ್ತಾರೆ. ಅವರದ್ದು ರೇಡಿಯೋ ರಿಪೇರಿ ಕಸುಬು. ಮಕ್ಕಳಿಗೆ ಕಡಿಮೆ ದುಡ್ಡಿನ ಅಥವಾ ದಾನದ ಸೆಟ್ ಬಗ್ಗೆ ಕೇಳಿ.

ಸುರತ್ಕಲ್: ಸರ್, ಮಗ ಒಂಬತ್ತನೇ ಕ್ಲಾಸು. ಫ್ರೀ ಸೆಟ್ ಎಲ್ಲಿ ಸಿಗುತ್ತದೆ?

ರಿಪೇರಿಯವರು: ಮೊದಲು ಲೈಸೆನ್ಸ್. 12 ವರ್ಷ ತುಂಬಿದ್ದರೆ ಪರೀಕ್ಷೆಗೆ ಕೂರಬಹುದು. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ರಿಸ್ಟ್ರಿಕ್ಟೆಡ್ ಅನ್ನುವ ಕೆಳಗಿನ ದರ್ಜೆಗೆ ಮೋರ್ಸ್ (ಚುಕ್ಕಿ-ಗೆರೆ ಸಂಕೇತ) ಬೇಡ. ಅಲ್ಲಿವರೆಗೆ ವೆಬ್‌ಎಸ್‌ಡಿಆರ್ ಅಂತ ಹುಡುಕಿ, ಅದು ಇಂಟರ್ನೆಟ್ಟಿನಲ್ಲಿ ಕೇಳುವ ರೇಡಿಯೋ, ಫೋನಿನಲ್ಲೇ ಕೇಳಲಿ. ಖರ್ಚು ಸೊನ್ನೆ.

ಮಣಿಪಾಲ: ಹಾಸ್ಟೆಲ್ ಕಿಟಕಿಯಲ್ಲಿ ಆಂಟೆನಾ ಕಟ್ಟಬಹುದಾ ಸರ್?

ಕುಂದಾಪುರ: ನಮಸ್ಕಾರ. ಅಪ್ಪ ತೀರಿಹೋಗಿ ಎಂಟು ವರ್ಷ ಆಯಿತು. ಅವರ ಹ್ಯಾಮ್ ಸೆಟ್, ಯಾಯೆಸು ಎಫ್‌ಟಿ-101, ಅಟ್ಟದಲ್ಲಿ ಉಂಟು. ಪಕ್ಕದ ಮನೆ ಹುಡುಗ ಪರೀಕ್ಷೆಗೆ ಓದುತ್ತಿದ್ದಾನೆ, ಅವನಿಗೇ ಕೊಡುವ ಅಂತ. ನಾಳೆ ಪ್ಲಗ್ ಹಾಕಿ ನೋಡಲಾ?

ರಿಪೇರಿಯವರು: ಬೇಡ ಅಕ್ಕ, ದಯವಿಟ್ಟು ಬೇಡ. ಅದು ಅರ್ಧ ಟ್ರಾನ್ಸಿಸ್ಟರ್, ಅರ್ಧ ವಾಲ್ವ್ ಸೆಟ್. ಕೊನೆಯ ಹಂತದ ವಾಲ್ವ್‌ಗಳಿಗೆ ಒಳಗೆ ಸುಮಾರು 600 ವೋಲ್ಟ್ ಹೋಗುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ (ಕರೆಂಟು ಹಿಡಿದಿಡುವ ಭಾಗ) ಕರೆಂಟು ಕೂತಿರುತ್ತದೆ. ಹುಡುಗ ಸುಮ್ನೆ ಮುಚ್ಚಳ ಬಿಚ್ಚಿ ಕೈ ಹಾಕಿದರೆ ಮುಗಿಯಿತು. ಎಂಟು ವರ್ಷ ಸುಮ್ಮನಿದ್ದ ಕೆಪಾಸಿಟರ್ ಸೊರಗಿರುತ್ತದೆ. ಏಕಾಏಕಿ 230 ವೋಲ್ಟ್ ಕೊಟ್ಟರೆ ಢಮ್ ಅಂತ ಹೋಗಬಹುದು, ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು. ಇನ್ನೊಂದು ವಿಷಯ: ಹೊರದೇಶದಿಂದ ತಂದ ಸೆಟ್ ಆದರೆ ಒಳಗೆ 110ಕ್ಕೆ ಜೋಡಿಸಿರಬಹುದು. ಅದನ್ನು ನೋಡದೆ ಯಾರೂ ಪ್ಲಗ್ ಹಾಕಬಾರದು. ನಾನಾದರೆ ಮೊದಲು ಕೆಪಾಸಿಟರ್ ನೋಡುತ್ತೇನೆ, ಆಮೇಲೆ ಕರೆಂಟು ಜಾಸ್ತಿ ಹರಿಯದ ಹಾಗೆ ಸೀರೀಸ್ ಬಲ್ಬ್ ಹಾಕಿ, ವೋಲ್ಟ್ ಏರಿಸಿ ಇಳಿಸುವ ವೇರಿಯಾಕ್‌ನಲ್ಲಿ ನಿಧಾನ ಏರಿಸುತ್ತೇನೆ. ಅಂಗಡಿಗೆ ತನ್ನಿ, ನೋಡಿದ್ದಕ್ಕೆ ದುಡ್ಡು ಬೇಡ. ಹುಡುಗನಿಗೆ ಲೈಸೆನ್ಸ್ ಬಂದ ಮೇಲೆ ಕೊಡಿ, ಕೊಟ್ಟದ್ದಕ್ಕೆ ಒಂದು ಕಾಗದ ಮಾಡಿ. ರಿಸ್ಟ್ರಿಕ್ಟೆಡ್‌ನವರಿಗೆ 50 ವಾಟ್ ಮಿತಿ. ಈ ಸೆಟ್ ಅದಕ್ಕಿಂತ ಜಾಸ್ತಿ ಕೊಡುತ್ತದೆ, ಇಳಿಸಿ ಓಡಿಸುವುದನ್ನು ಅವನಿಗೆ ನಾನೇ ಕಲಿಸುತ್ತೇನೆ. ಎಂತ ಸೆಟ್ ಅದು ಮಾರಾಯ್ರೆ! ತೂಕಕ್ಕೆ ಹಾಕಿಬಿಡಬೇಡಿ.

ಬಂಟ್ವಾಳ: ಫಾರ್ವರ್ಡ್ ಬಂದದ್ದು: "ತೇವ ಹಿಡಿದ ರೇಡಿಯೋ 3 ದಿನ ಅಕ್ಕಿಯಲ್ಲಿ ಇಡಿ. ಕನೆಕ್ಟರಿಗೆ ತೆಂಗಿನೆಣ್ಣೆ ಹಚ್ಚಿ."

ರಿಪೇರಿಯವರು: ಅಕ್ಕಿ ಗಂಜಿಗೆ, ಎಣ್ಣೆ ತಲೆಗೆ. ಎಣ್ಣೆಗೆ ಧೂಳು ಹಿಡಿದು ನಮ್ಮ ಕರಾವಳಿಯ ಉಪ್ಪು ಗಾಳಿಯಲ್ಲಿ ಕಿಲುಬು ಇನ್ನೂ ಬೇಗ ಬರುತ್ತದೆ. ಇಂಥದ್ದು ಇಲ್ಲಿ ಹಾಕಬೇಡಿ.

ಬಂಟ್ವಾಳ: ನಾನು ಬರೆದದ್ದಲ್ಲ, ಬಂದದ್ದು ಹಾಕಿದೆ ಅಷ್ಟೆ.

ರಿಪೇರಿಯವರು: ಅದೇ ತೊಂದರೆ.

ಕಾರ್ಕಳ: ಇಷ್ಟೆಲ್ಲ ಯಾಕೆ? ಚೈನಾದ ಬಾವೊಫೆಂಗ್ ವಾಕಿಟಾಕಿ ತೆಗೆದುಕೊಟ್ಟರೆ ಆಯಿತಲ್ಲ.

ಮೂಡುಬಿದಿರೆ: ಅದು ಆಟಿಕೆ. ಹ್ಯಾಮ್ ಅಂದರೆ ಎಚ್‌ಎಫ್, ದೂರದೂರ ಮಾತಾಡುವ ಶಾರ್ಟ್‌ವೇವ್.

ಕಾರ್ಕಳ: ನಿಮ್ಮ ಹಾಗೆ ಎಲ್ಲರ ಅಪ್ಪಂದಿರೂ ಲಕ್ಷ ಕೊಟ್ಟು ದೊಡ್ಡ ಸೆಟ್ ತರುವುದಿಲ್ಲ.

ಮೂಡುಬಿದಿರೆ: ಅಪ್ಪನ ವಿಷಯ ಯಾಕೆ? ನಾನು ನನ್ನ ಸಂಬಳದಲ್ಲಿ ತಂದದ್ದು.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಲೈಸೆನ್ಸ್ ಇದ್ದವನಿಗೆ ಅದು ಒಳ್ಳೆಯ ಮೊದಲ ಸೆಟ್ಟೇ. ಆದರೆ 144ರಿಂದ 146 ಮೆಗಾಹರ್ಟ್ಸ್‌ನ ಹೊರಗೂ ಅದು ಮಾತಾಡುತ್ತದೆ. ಮಗು ಗೊತ್ತಿಲ್ಲದೆ ಬೇರೆಯವರ ಚಾನೆಲ್‌ನಲ್ಲಿ ಒತ್ತಿದರೆ ಮನೆಗೆ ಪೊಲೀಸರು ಬರಬಹುದು. ಇನ್ನು ಎಚ್‌ಎಫ್ ಅಂದರೆ ಲಕ್ಷ ಅಂತ ಯಾರು ಹೇಳಿದ್ದು? 7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಆಂಟೆನಾ ಎರಡು ಕಡೆ ಸೇರಿ 20 ಮೀಟರ್ ತಂತಿ, ಎರಡು ತೆಂಗಿನ ಮರ. ಗುಡುಗು ಬಂದರೆ ಸೆಟ್ಟಿನಿಂದ ಕಳಚಿ ಹೊರಗೆ ಹಾಕಿ.

ಮೂಡುಬಿದಿರೆ: ಅವರೇ ಶುರು ಮಾಡಿದ್ದು.

ಸುರತ್ಕಲ್: ಸರ್, ಫ್ರೀ ಸೆಟ್ ಯಾರಾದರೂ ಕೊಡುತ್ತಾರಾ?

ರಿಪೇರಿಯವರು: ಮೇಲೆ ಓದಿ.

ಸುರತ್ಕಲ್: ಓದಿದೆ. ಆದರೂ ಒಂದು ಫ್ರೀ…

ರಿಪೇರಿಯವರು: ಇನ್ನೊಮ್ಮೆ ಓದಿ.

ಕುಂದಾಪುರ: ವೈರ್ ಕಳಚಿ ಬೇರೆ ಕಟ್ಟಿಟ್ಟೆ ಸರ್, ಹುಡುಗ ಹಾಕದ ಹಾಗೆ. ಶನಿವಾರ ತರಲಾ?

ರಿಪೇರಿಯವರು: ತನ್ನಿ. ಹುಡುಗನೂ ಬರಲಿ. ಹತ್ತು ಗಂಟೆ ಮೇಲೆ.

ಮಣಿಪಾಲ: ಸರ್, ಹಾಸ್ಟೆಲ್ ಕಿಟಕಿ?