ಆರು ಜನರ ಟೇಬಲ್, ಮೂಡಿಗೆರೆ ಕರೆಂಟು: ಶನಿವಾರದ ಆಟ ಮುಗಿಯೋದೇ ಇಲ್ಲ

ಮೂಡಿಗೆರೆ_ಮಳೆ:

ಆಟ ಬ್ಲೇಡ್ಸ್ ಇನ್ ದಿ ಡಾರ್ಕ್: ಕಳ್ಳರ ಗ್ಯಾಂಗಿನ ಪಾತ್ರ ಹಾಕಿಕೊಂಡು ಮಾತು, ದಾಳಗಳಲ್ಲಿ ಕಳ್ಳತನ ಆಡುವ ಕಥೆಯಾಟ. ಅದರ ಡಸ್ಕ್‌ವಾಲ್ ಊರನ್ನು ಕೈಬಿಟ್ಟು ಕಾಫಿ ಗೋದಾಮು, ಕ್ಯೂರಿಂಗ್ ವರ್ಕ್ಸ್, ಲಾರಿ ಏಜೆಂಟರು ಇರುವ ನಮ್ಮದೇ ಒಂದು ಊರು ಮಾಡಿಕೊಂಡಿದ್ದೇವೆ. ಆಡುವವರು 6, ಕಥೆ ನಡೆಸುವುದು (ಜಿಎಂ) ನಾನು. ಚಿಕ್ಕಮಗಳೂರಿನಲ್ಲಿ ಇಬ್ಬರು; ಹಾಸನ, ಬೆಂಗಳೂರು, ಲಂಡನ್, ನ್ಯೂಜೆರ್ಸಿಯಲ್ಲಿ ಒಬ್ಬೊಬ್ಬರು. ಶನಿವಾರ ರಾತ್ರಿ 7:30ರಿಂದ 10:30. ಮಾತು ಡಿಸ್ಕಾರ್ಡ್‌ನಲ್ಲಿ, ಪಾತ್ರದ ಹಾಳೆ ಮತ್ತು ದಾಳ ಫೌಂಡ್ರಿ ಅನ್ನುವ ಆಟದ ತಂತ್ರಾಂಶದಲ್ಲಿ. ಫೌಂಡ್ರಿ ಓಡುವುದು ಮೂಡಿಗೆರೆಯ ಮನೆಯ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ.

ತೊಂದರೆ ಒಂದೆರಡಲ್ಲ:

ರೂಟರ್‌ನಲ್ಲಿ 30000 ಪೋರ್ಟ್ ಫಾರ್ವರ್ಡ್ ಮಾಡಿದ್ದರೂ (ಹೊರಗಿನವರಿಗೆ ಲ್ಯಾಪ್‌ಟಾಪ್‌ಗೆ ದಾರಿ ಬಿಟ್ಟಿದ್ದರೂ) ಹೊರಗಿನವರಿಗೆ ಫೌಂಡ್ರಿ ತೆರೆಯುತ್ತಿಲ್ಲ. ಮನೆಯೊಳಗೆ ಫೋನಿನಲ್ಲಿ ಸಲೀಸಾಗಿ ತೆರೆಯುತ್ತದೆ.

ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ. ‘8,000 ಎಂಎಎಚ್’ ಅಂತ ಬರೆದಿರುವ ರೂಟರ್ ಯುಪಿಎಸ್ 2 ಗಂಟೆಗೇ ಕೈಚೆಲ್ಲುತ್ತದೆ.

ಪಿಡಿಎಫ್ ಹಾಳೆಯಲ್ಲಿ ಕನ್ನಡ ಹೆಸರು ತುಂಬಿಸಿದರೆ ಬರೀ ಚೌಕಗಳು.

ಇಷ್ಟೆಲ್ಲ ಸರಿಯಿದ್ದ ದಿನವೂ ಒಂದು ಕಳ್ಳತನ 3 ಗಂಟೆಯಲ್ಲಿ ಮುಗಿಯುವುದಿಲ್ಲ. ಇಬ್ಬರು ಬಾಯೇ ಬಿಡುವುದಿಲ್ಲ. ಕ್ಲಾಕ್‌ನಲ್ಲಿ (ಕೆಲಸವೋ ಅಪಾಯವೋ ಎಷ್ಟು ಮುಂದುವರಿಯಿತು ಅಂತ ಮನೆ ಮನೆಯಾಗಿ ತುಂಬುವ ವೃತ್ತ) ಎಷ್ಟು ಮನೆ ತುಂಬಬೇಕು ಅಂತ ಪ್ರತಿ ಸಲ ವಾದ.

ಹಾಸನ_ನೆಟ್‌ವರ್ಕ್:

ಮೊದಲ ತೊಂದರೆಗೆ ಉತ್ತರ. ಮನೆಯೊಳಗೆ ತೆರೆಯಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ, ಅದು ರೂಟರ್ ದಾಟಿ ಹೊರಗೆ ಹೋಗಿಯೇ ಇರುವುದಿಲ್ಲ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ.

ಆಮೇಲೆ ರೂಟರ್‌ನ ಸ್ಟೇಟಸ್ ಪುಟದಲ್ಲಿ ಇಂಟರ್ನೆಟ್ ಕಡೆಯ ಐಪಿ (ನೆಟ್ ವಿಳಾಸ) ಬರೆದುಕೊಳ್ಳಿ. ಬ್ರೌಸರ್‌ನಲ್ಲಿ ‘ನನ್ನ ಐಪಿ ಏನು’ ಅಂತ ಹುಡುಕಿ, ಅಲ್ಲಿ ಬರುವುದನ್ನೂ ಬರೆದುಕೊಳ್ಳಿ. ಎರಡೂ ಒಂದೇ ಆಗಿದ್ದರೆ ತಪ್ಪು ನಿಮ್ಮ ಫಾರ್ವರ್ಡಿಂಗ್‌ನಲ್ಲೋ ವಿಂಡೋಸ್ ಫೈರ್‌ವಾಲ್‌ನಲ್ಲೋ ಇದೆ. ಬೇರೆ ಬೇರೆ ಆಗಿದ್ದರೆ ರೂಟರ್‌ನಲ್ಲಿರುವ ಐಪಿ ಹೇಗೆ ಶುರುವಾಗುತ್ತದೆ ನೋಡಿ:

192.168 ಇದ್ದರೆ, ಇಂಟರ್ನೆಟ್ ಕಂಪನಿಯ ಫೈಬರ್ ಡಬ್ಬಿಯೂ ರೂಟರ್ ಕೆಲಸ ಮಾಡುತ್ತಿದೆ, ಅದರ ಹಿಂದೆ ನಿಮ್ಮ ರೂಟರ್. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದು ರೂಟರ್ ಕೆಲಸ ಬಿಟ್ಟು ಲೈನ್ ಮಾತ್ರ ದಾಟಿಸುತ್ತದೆ.

100.64ರಿಂದ 100.127ರೊಳಗೆ ಇದ್ದರೆ ಸಿಜಿ-ನ್ಯಾಟ್. ಒಂದೇ ಹೊರಗಿನ ಐಪಿಯನ್ನು ಕಂಪನಿ ಎಷ್ಟೋ ಮನೆಗಳಿಗೆ ಹಂಚಿದೆ. ಹೊರಗಿನ ಬಾಗಿಲು ಅವರ ಕೈಯಲ್ಲಿರುವಾಗ ನೀವು ನಡುಮನೆ ಬಾಗಿಲು ಎಷ್ಟು ತೆರೆದಿಟ್ಟರೂ ನೆಂಟರು ಒಳಗೆ ಬರಲಾರರು. 10ರಿಂದ ಶುರುವಾಗಿದ್ದರೂ ಸಾಮಾನ್ಯವಾಗಿ ಇದೇ ಕಥೆ.

ಸಿಜಿ-ನ್ಯಾಟ್ ಆದರೆ ಎರಡು ದಾರಿ. ಕಂಪನಿಗೆ ತಿಂಗಳ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಐಪಿ) ತೆಗೆದುಕೊಳ್ಳುವುದು, ಇಲ್ಲವೇ ಟನಲ್. ಕ್ಲೌಡ್‌ಫ್ಲೇರ್ ಟನಲ್ ಪ್ರೋಗ್ರಾಂ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಲೋಕಲ್‌ಹೋಸ್ಟ್ 30000ಕ್ಕೆ (ಅದೇ ಲ್ಯಾಪ್‌ಟಾಪ್‌ನ ಫೌಂಡ್ರಿ ಪೋರ್ಟ್‌ಗೆ) ತೋರಿಸಿ. ಸಂಪರ್ಕ ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಫಾರ್ವರ್ಡಿಂಗ್ ಬೇಕಿಲ್ಲ. ಖಾತೆಯಿಲ್ಲದೆ ಸಿಗುವ ತಾತ್ಕಾಲಿಕ ವಿಳಾಸ ಪ್ರತಿ ಸಲ ಬದಲಾಗುತ್ತದೆ. ವಾರವಾರ ಒಂದೇ ವಿಳಾಸ ಬೇಕಾದರೆ ಸ್ವಂತ ಡೊಮೇನ್ ಬೇಕು. ಫೌಂಡ್ರಿಯ ಆಪ್ಷನ್ಸ್ ಫೈಲಿನಲ್ಲಿ ಪ್ರಾಕ್ಸಿ ಎಸ್‌ಎಸ್‌ಎಲ್ ‘ಟ್ರೂ’, ಪ್ರಾಕ್ಸಿ ಪೋರ್ಟ್ 443 ಮಾಡಿ ಫೌಂಡ್ರಿಯನ್ನು ಮತ್ತೆ ಶುರು ಮಾಡಿ. ಇದನ್ನು ಮರೆತರೆ ಆಹ್ವಾನದ ಲಿಂಕ್ ತಪ್ಪಾಗಿ ಬರುತ್ತದೆ.

ಇನ್ನೊಂದು. ಮ್ಯಾಪ್ ಚಿತ್ರ 8 ಎಂಬಿಯ ಪಿಎನ್‌ಜಿ ಇದ್ದರೆ 6 ಜನಕ್ಕೆ 48 ಎಂಬಿ, ಎಲ್ಲವೂ ನಿಮ್ಮ ಅಪ್‌ಲೋಡ್‌ನಿಂದಲೇ ಹೋಗಬೇಕು. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಏನಿಲ್ಲವೆಂದರೂ 38 ಸೆಕೆಂಡು. ಅಷ್ಟು ಹೊತ್ತು ನಿಮ್ಮ ದನಿಯೂ ತಡವರಿಸುತ್ತದೆ. ಹಗುರವಾದ ವೆಬ್‌ಪಿ ಚಿತ್ರಕ್ಕೆ ಬದಲಾಯಿಸಿ.

ಆರುಮುಖ_ದಾಳ:

ಮಾರಾಯ್ರೆ, ಬ್ಲೇಡ್ಸ್‌ಗೆ ಫೌಂಡ್ರಿ ಯಾಕೆ? ಅದರಲ್ಲಿ ಚೌಕ ಎಣಿಸಿ ನಡೆಯುವ ಮ್ಯಾಪೇ ಇಲ್ಲ. ಬೇಕಾದ್ದು ನಾಲ್ಕಾರು ದಾಳ, ಹಾಳೆ, ಕ್ಲಾಕ್. ಒಂದು ಗೂಗಲ್ ಶೀಟ್, ಡಿಸ್ಕಾರ್ಡ್‌ನಲ್ಲಿ ಒಂದು ದಾಳದ ಬಾಟ್, ಮುಗಿಯಿತು. ಟನಲ್, ಡೊಮೇನ್ ಎಲ್ಲ ಗುಬ್ಬಿಗೆ ಬ್ರಹ್ಮಾಸ್ತ್ರ.

ಹಾಸನ_ನೆಟ್‌ವರ್ಕ್:

ಒಪ್ಪಿದೆ, ಆದರೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಾಗಿದೆಯಲ್ಲ. ಫೌಂಡ್ರಿ ಇಟ್ಟುಕೊಳ್ಳಲಿ, ಕ್ಲಾಕ್‌ಗಳು ಮಾತ್ರ ಶೀಟ್‌ನಲ್ಲಿರಲಿ. ಜಿಎಂ ಮನೆ ಕರೆಂಟ್ ಹೋದಾಗ ಇಡೀ ಊರಿನ ಲೆಕ್ಕ ಆ ಲ್ಯಾಪ್‌ಟಾಪ್ ಜೊತೆ ಕತ್ತಲೆಗೆ ಹೋಗಬಾರದು.

ಬೆಳಕು_12ವೋಲ್ಟ್:

ಯುಪಿಎಸ್ ಕೆಟ್ಟಿಲ್ಲ, ಅದರ ಮೇಲಿನ ಅಂಕಿ ದಾರಿ ತಪ್ಪಿಸುತ್ತಿದೆ. 8,000 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 8 ಗುಣಿಸು 3.7 ಅಂದರೆ 29.6 ವ್ಯಾಟ್-ಅವರ್. 12 ವೋಲ್ಟ್‌ಗೆ ಏರಿಸುವಾಗ ಒಂದಷ್ಟು ಶಾಖವಾಗಿ ಹೋಗಿ ಸುಮಾರು 25 ಉಳಿಯುತ್ತದೆ. ಫೈಬರ್ ಡಬ್ಬಿ, ರೂಟರ್ ಎರಡೂ ಸೇರಿ 12 ವ್ಯಾಟ್ ಎಳೆದರೆ 2 ಗಂಟೆ. ನಿಮಗೆ ಸಿಗುತ್ತಿರುವುದೂ ಅಷ್ಟೇ.

ಅಂಥದ್ದೇ ಇನ್ನೊಂದು ತಂದು ಡಬ್ಬಿಗೊಂದು ರೂಟರ್‌ಗೊಂದು ಹಾಕಿದರೆ ಹೆಚ್ಚುಕಮ್ಮಿ 4 ಗಂಟೆ, ಅಂದರೆ ಪೂರ್ತಿ ಸೆಷನ್. ಕೊಳ್ಳುವ ಮುಂಚೆ ಎರಡು ಅಡಾಪ್ಟರ್‌ಗಳ ಲೇಬಲ್ ಓದಿ. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ತುರುಕಿದರೆ ಹೊಗೆ. ಪಿನ್‌ನ ಹೊರ ಅಳತೆ ಎರಡರಲ್ಲೂ 5.5 ಮಿಮೀ ಇದ್ದರೂ ಒಳತೂತು 2.1 ಇರಬಹುದು, 2.5 ಇರಬಹುದು. 2.5ರ ಪಿನ್ 2.1ರ ಸಾಕೆಟ್‌ಗೆ ಹೋಗುತ್ತದೆ, ಆದರೆ ಸಡಿಲ. ಮೇಜು ಅಲುಗಿದರೆ ನೆಟ್ ಹೋಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಡಬ್ಬಿಯನ್ನು ಆ ಲೈನಿಗೆ ಕೊಡಿ, ಆದರೂ ಚಿಕ್ಕ ಯುಪಿಎಸ್ ನಡುವೆ ಇರಲಿ. ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಕ್ಷಣಕ್ಕೇ ಕೆಲವು ಡಬ್ಬಿ ರೀಸ್ಟಾರ್ಟ್ ಆಗುತ್ತವೆ, ಮತ್ತೆ ಲೈನ್ ಹಿಡಿಯಲು ಎರಡು ಮೂರು ನಿಮಿಷ.

ಇಷ್ಟಾದ ಮೇಲೂ ಡಬ್ಬಿಯ ಲೈಟು ಉರಿಯುತ್ತಿದ್ದು ನೆಟ್ ಇಲ್ಲವೆಂದರೆ ತೊಂದರೆ ಕಂಬದಲ್ಲಿದೆ ಅಥವಾ ಕಂಪನಿಯ ಕಡೆ ಇದೆ. ಆಗ ಹಾಟ್‌ಸ್ಪಾಟ್. ಡೇಟಾಕ್ಕೆ ಹೆದರಬೇಡಿ: ಡಿಸ್ಕಾರ್ಡ್ ದನಿ 64 ಕೆಬಿಪಿಎಸ್ ಅಂದರೆ ಒಂದು ದನಿಗೆ ಗಂಟೆಗೆ 29 ಎಂಬಿಯಷ್ಟು. ನೀವೂ ಸೇರಿ ಏಳೂ ಜನ ಬಾಯಿ ಮುಚ್ಚದೆ ಮಾತಾಡಿದರೂ 3 ಗಂಟೆಗೆ 600 ಎಂಬಿ ಆಸುಪಾಸು. ವಿಡಿಯೊ ಮಾತ್ರ ಆರಿಸಿ.

ಒತ್ತಕ್ಷರ:

ಪಿಡಿಎಫ್ ಚೌಕಗಳ ಬಗ್ಗೆ. ತುಂಬಿಸುವ ಪಿಡಿಎಫ್‌ನ ಖಾನೆಗೆ ಅದನ್ನು ಮಾಡಿದವರು ಒಂದು ಇಂಗ್ಲಿಷ್ ಫಾಂಟ್ ಕಟ್ಟಿಟ್ಟಿರುತ್ತಾರೆ, ಅದರಲ್ಲಿ ಕನ್ನಡ ಅಕ್ಷರ ಇರುವುದಿಲ್ಲ. ಕೆಲವು ಓದುಗ ಆಪ್‌ಗಳು ಬೇರೆ ಫಾಂಟ್ ಹಾಕಿ ಅಕ್ಷರ ತೋರಿಸುತ್ತವೆ, ಆದರೆ ಒತ್ತು ಕೂಡಿಸುವುದಿಲ್ಲ: ‘ಕೃಷ್ಣಪ್ಪ’ದ ಷ ಒಂದು ಕಡೆ, ಣ ಒಂದು ಕಡೆ, ನಡುವೆ ಅನಾಥ ಹಲಂತ. ಪಿಡಿಎಫ್ ಜೊತೆ ಗುದ್ದಾಡಬೇಡಿ. ಹಾಳೆಯನ್ನು ಗೂಗಲ್ ಶೀಟ್‌ನಲ್ಲಿ ಮರು ಮಾಡಿ, ಫಾಂಟ್ ನೋಟೋ ಸಾನ್ಸ್ ಕನ್ನಡ ಅಥವಾ ತಿರೋ ಕನ್ನಡ. ಸಾಲಿನ ಎತ್ತರ ತುಸು ಹೆಚ್ಚಿಸಿ, ಇಲ್ಲವಾದರೆ ಒತ್ತಿನ ಬಾಲ ಕತ್ತರಿಸಿ ಹೋಗುತ್ತದೆ.

ಯಾರಾದರೂ ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತದಿಂದ ಪಾತ್ರದ ಹಿನ್ನೆಲೆ ನಕಲು ಮಾಡಿ ಅಂಟಿಸಿದರೆ ಡಿಸ್ಕಾರ್ಡ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಕಕ್ಕೆ ಹಾಕಬೇಕು. ದಾಳದ ಬಾಟ್‌ಗೆ ಅಂಕಿ ಕೊಡುವಾಗ ೩ ಬೇಡ, 3 ಹಾಕಿ. ಕನ್ನಡ ಅಂಕಿ ಎಷ್ಟೋ ಬಾಟ್‌ಗಳಿಗೆ ತಿಳಿಯುವುದಿಲ್ಲ.

ಆರುಮುಖ_ದಾಳ:

ಈಗ ನಿಜವಾದ ರೋಗಕ್ಕೆ ಬರೋಣ. ನೆಟ್, ಕರೆಂಟ್ ಎರಡೂ ಸರಿಹೋದರೂ ನಿಮ್ಮ ಕಳ್ಳತನ ಮುಗಿಯುವುದಿಲ್ಲ. ಲೆಕ್ಕ ನೋಡಿ. 180 ನಿಮಿಷದಲ್ಲಿ ಬಂದು ಕೂರಲು 15, ನಡುವೆ ವಿರಾಮ 10, ಕೊನೆಗೆ ಎಕ್ಸ್‌ಪಿ (ಅನುಭವದ ಅಂಕ) ಮತ್ತು ಪಾಲು ಹಂಚಿಕೆಗೆ 20. ಉಳಿದದ್ದು 135. ಆರು ಜನಕ್ಕೆ ತಲಾ 22 ನಿಮಿಷ, ನಾಲ್ವರಿಗಾದರೆ 33. ಎದುರು ಕೂತು ಆಡುವಾಗ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದರೂ ನಡೆಯುತ್ತದೆ. ಡಿಸ್ಕಾರ್ಡ್‌ನಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ ‘ನೀವು ಹೇಳಿ, ನೀವು ಹೇಳಿ’. ಹಾಗಾಗಿ ಆ 22 ನಿಮಿಷವೂ ಪೂರ್ತಿ ಸಿಗುವುದಿಲ್ಲ.

ನಿಯಮವೂ ಆರು ಜನಕ್ಕೆ ಒಗ್ಗುವುದಿಲ್ಲ. ಗುಂಪಾಗಿ ಮಾಡುವ ಕೆಲಸದಲ್ಲಿ ಎಲ್ಲರೂ ದಾಳ ಎಸೆಯುತ್ತಾರೆ, 1ರಿಂದ 3 ಬಂದ ಪ್ರತಿಯೊಬ್ಬರ ಲೆಕ್ಕಕ್ಕೂ ಮುಂದಾಳಿಗೆ 1 ಸ್ಟ್ರೆಸ್ (ಪಾತ್ರದ ಮೇಲೆ ಬೀಳುವ ಒತ್ತಡದ ಅಂಕ). ಒಂದೇ ದಾಳ ಇರುವವರು ಅರ್ಧಕ್ಕರ್ಧ ಸಲ ಸೋಲುತ್ತಾರೆ. ಮುಂದಾಳೂ ಸೇರಿ ಆರು ಜನ ಕಾಂಪೌಂಡ್ ಹಾರಿದರೆ ಅವನಿಗೆ ಸರಾಸರಿ 3 ಸ್ಟ್ರೆಸ್. ಇರುವುದೇ 9 ಮನೆ. ಎರಡು ಸಲ ಹಾರಿಸಿದರೆ ಸುಸ್ತು. ಅದಕ್ಕೇ ಯಾರೂ ಮುಂದೆ ಬರುವುದಿಲ್ಲ, ಪ್ಲಾನು ಮಾಡುತ್ತಾ ಕೂರುತ್ತಾರೆ.

ಹಾಗಾಗಿ ನನ್ನ ಸಲಹೆ: ಆರು ಜನ ಒಂದೇ ಗ್ಯಾಂಗಿನಲ್ಲಿರಲಿ, ಆದರೆ ಒಂದು ಕಳ್ಳತನಕ್ಕೆ ನಾಲ್ವರು. ಗುರುವಾರದೊಳಗೆ ಹೆಸರು ಕೊಟ್ಟ ಮೊದಲ ನಾಲ್ವರಿಗೆ ಜಾಗ, ಉಳಿದಿಬ್ಬರಿಗೆ ಮುಂದಿನ ವಾರ ಮೊದಲ ಹಕ್ಕು. ಗ್ಯಾಂಗಿನ ಹಾಳೆ ಒಂದೇ ಆದ್ದರಿಂದ ಬಿಟ್ಟವರಿಗೆ ಕಥೆ ತಪ್ಪುವುದಿಲ್ಲ.

ಪ್ಲಾನಿಗೆ ಗಡಿಯಾರ ಇಟ್ಟು 10 ನಿಮಿಷ. ಪುಸ್ತಕದ ಆರು ಬಗೆಯಲ್ಲಿ ಒಂದು ಆರಿಸಿ, ಅದಕ್ಕೆ ಬೇಕಾದ ಒಂದೇ ವಿವರ ಹೇಳಿ: ನುಸುಳಿ ಹೋಗುವುದಾದರೆ ಎಲ್ಲಿಂದ, ಮೋಸವಾದರೆ ಯಾವ ವೇಷ. ಹೊತ್ತೊಯ್ಯುವ ಸಾಮಾನಿನ ಹೊರೆ ಹಗುರವೋ ಭಾರವೋ ಹೇಳಿ ಎಂಗೇಜ್‌ಮೆಂಟ್ ದಾಳ (ಕಳ್ಳತನದ ಶುರು ಹೇಗಾಯಿತು ಅಂತ ಹೇಳುವ ದಾಳ) ಎಸೆಯಿರಿ, ನೇರ ಗೋದಾಮಿನ ಗೋಡೆಯ ಹತ್ತಿರ ಶುರು ಮಾಡಿ. ‘ಹಗ್ಗ ತಂದಿದ್ದೇವಾ?’ ಅನ್ನುವ ಚರ್ಚೆ ಬೇಡ. ಹೊರೆಯಲ್ಲಿ ಮನೆ ಉಳಿದಿದ್ದರೆ ಆಗ ಗುರುತು ಹಾಕಿಕೊಳ್ಳಬಹುದು. ಮುಂಚೆಯೇ ವಾಚ್‌ಮನ್‌ಗೆ ದುಡ್ಡು ಕೊಟ್ಟಿದ್ದೆವು ಅನ್ನಬೇಕಾದರೆ ಫ್ಲ್ಯಾಷ್‌ಬ್ಯಾಕ್ ಇದೆ: ಸುಲಭದ್ದಕ್ಕೆ 0, ತುಸು ತೊಡಕಿನದಕ್ಕೆ 1, ದೊಡ್ಡ ಏರ್ಪಾಟಿಗೆ 2 ಅಥವಾ ಹೆಚ್ಚು ಸ್ಟ್ರೆಸ್. ಈ ಆಟ ಪ್ಲಾನನ್ನು ಹಿಂದುಗಡೆಯಿಂದ ಹೊಲಿಯುತ್ತದೆ. ಅದನ್ನು ನಂಬದಿದ್ದರೆ ಬೇರೆ ಆಟ ಆಡುವುದೇ ವಾಸಿ.

ಕ್ಲಾಕ್ ವಾದಕ್ಕೆ ಮದ್ದು ಒಂದೇ. ದಾಳ ಬೀಳುವ ಮುಂಚೆ ಎರಡೂ ಅಂಕಿ ಬಾಯಿಬಿಟ್ಟು ಹೇಳಬೇಕು. ಪರಿಣಾಮ ಕಡಿಮೆಯಾದರೆ 1 ಮನೆ, ಸಾಮಾನ್ಯವಾದರೆ 2, ಹೆಚ್ಚಾದರೆ 3. ಕೆಡಕಿನ ಕ್ಲಾಕ್‌ಗೂ ಇದೇ 1, 2, 3. ಹೀಗೆ:

‘ಹಿಂದಿನ ತಗಡಿನ ಬಾಗಿಲಿಂದ ನುಸುಳ್ತೀನಿ, ಪ್ರೌಲ್ (ಕದ್ದು ನುಸುಳುವ ಸಾಮರ್ಥ್ಯ).’

‘ಅಪಾಯ ನಡುಮಟ್ಟ, ಪರಿಣಾಮ ಸಾಮಾನ್ಯ. ಗೆದ್ದರೆ “ಗೋದಾಮಿನೊಳಕ್ಕೆ” 2 ಮನೆ. ಕೆಟ್ಟರೆ “ವಾಚ್‌ಮನ್‌ಗೆ ಅನುಮಾನ” 2 ಮನೆ. ಎಸಿತೀಯಾ, ಬೇರೆ ದಾರಿ ನೋಡ್ತೀಯಾ?’

4 ಬಿತ್ತು, ಅಂದರೆ ಗೆಲುವೂ ಉಂಟು, ತೊಂದರೆಯೂ ಉಂಟು. ಎರಡರಲ್ಲೂ 2 ತುಂಬಿತು. ಮುಗಿಯಿತು, ವಾದಕ್ಕೆ ಜಾಗವೇ ಇಲ್ಲ. ಇಂಥ ಕೆಲಸಗಳಿಗೆ 6 ಮನೆಯ ಕ್ಲಾಕ್ ಸಾಕು. ಮಾತೆತ್ತಿದರೆ 8 ಮನೆ ಇಡುವುದರಿಂದಲೂ ಸೆಷನ್ ಉದ್ದವಾಗುತ್ತದೆ. ಎರಡು ದಾಳ ಇರುವವರಿಗೆ ಒಂದರಲ್ಲಾದರೂ 4 ಅಥವಾ ಮೇಲೆ ಬೀಳುವ ಸಾಧ್ಯತೆ 75%, ತೊಂದರೆಯಿಲ್ಲದ ಸ್ವಚ್ಛ ಗೆಲುವಿನ 6 ಬೀಳುವುದು ಸುಮಾರು 31% ಮಾತ್ರ. ಅಂದರೆ ಗೆದ್ದರೂ ತೊಂದರೆ ಅಂಟಿಕೊಂಡಿರುವುದೇ ಹೆಚ್ಚು. ಪ್ರತಿ ಸಲ ಹೊಸ ಸಂಕಟ ಹುಟ್ಟಿಸಲು ತಲೆ ಕೆರೆದುಕೊಳ್ಳುವ ಬದಲು ಅದೇ ಅನುಮಾನದ ಕ್ಲಾಕ್ ತುಂಬಿ ಮುಂದೆ ಹೋಗಿ.

ಒತ್ತಕ್ಷರ:

ಸುಮ್ಮನಿರುವ ಇಬ್ಬರ ವಿಷಯ. ‘ನೀವೇನು ಮಾಡ್ತೀರಿ?’ ಅಂತ ಕೇಳಿದರೆ ಅವರು ಇನ್ನೂ ಮುದುಡುತ್ತಾರೆ. ಹೆಸರು ಹಿಡಿದು ಎರಡರಲ್ಲಿ ಒಂದು ಕೇಳಿ: ‘ಲಾರಿ ಲೈಟು ಈ ಕಡೆ ತಿರುಗ್ತಿದೆ. ಮೂಟೆ ಹಿಂದೆ ಕೂರ್ತೀರಾ, ಡ್ರೈವರ್ ಹತ್ರ ಮಾತಿಗೆ ಹೋಗ್ತೀರಾ?’ ಜೊತೆಗೆ ಅವರ ಡಿಸ್ಕಾರ್ಡ್‌ನಲ್ಲಿ ದನಿಯ ಮಿತಿ (ಎಷ್ಟು ಮೆಲುದನಿಯವರೆಗೆ ಮೈಕ್ ಹಿಡಿಯಬೇಕು ಅನ್ನುವುದು) ಎಷ್ಟಕ್ಕಿದೆ ನೋಡಿಸಿ. ಮೆಲ್ಲಗೆ ಮಾತಾಡುವವರ ಮೊದಲ ಎರಡು ಪದ ಕತ್ತರಿಸಿ ಹೋಗುತ್ತಿದ್ದರೆ ಅವರು ಎರಡು ಸಲ ಯತ್ನಿಸಿ ಬಿಟ್ಟುಬಿಟ್ಟಿರುತ್ತಾರೆ.

ಮುಖ ನೋಡದೆ ಆಡುವ ಟೇಬಲ್‌ನಲ್ಲಿ ಎಕ್ಸ್ ಕಾರ್ಡ್ ಇರಲೇಬೇಕು. ಚಾಟ್‌ನಲ್ಲಿ ಅಥವಾ ಜಿಎಂಗೆ ಖಾಸಗಿಯಾಗಿ ‘ಎಕ್ಸ್’ ಅಂತ ಹಾಕಿದರೆ ಆ ವಿಷಯ ಅಲ್ಲಿಗೇ ಬಿಡುವುದು, ಕಾರಣ ಕೇಳುವಂತಿಲ್ಲ.

ಸಮಯದ ಬಗ್ಗೆಯೂ ಈಗಲೇ ಹೇಳಿಬಿಡಿ. ನಮ್ಮ 7:30 ನ್ಯೂಜೆರ್ಸಿಗೆ ಬೇಸಿಗೆಯಲ್ಲಿ ಬೆಳಗಿನ 10, ಚಳಿಗಾಲದಲ್ಲಿ 9. ಲಂಡನ್‌ಗೆ ಮಧ್ಯಾಹ್ನ 3, ಆಮೇಲೆ 2. ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ತಿರುಗಿಸಿದರೆ ಬ್ರಿಟನ್ ತಿರುಗಿಸುವುದು ಮಾರ್ಚ್ ಕೊನೆಯ ಭಾನುವಾರ. ಆ ನಡುವಿನ ಶನಿವಾರಗಳಲ್ಲೇ ಯಾರಾದರೂ ಒಬ್ಬರು ತಪ್ಪಿಸಿಕೊಳ್ಳುವುದು. ಡಿಸ್ಕಾರ್ಡ್‌ನ ಈವೆಂಟ್ ಹಾಕಿ, ಅವರವರ ಊರಿನ ಸಮಯ ಅದೇ ತೋರಿಸುತ್ತದೆ.

ಮೂಡಿಗೆರೆ_ಮಳೆ:

ನೋಡಿದೆ. ರೂಟರ್‌ನಲ್ಲಿ 100.72ರಿಂದ ಶುರುವಾಗುವ ಐಪಿ, ಹೊರಗೆ ಬೇರೆಯೇ. ಸಿಜಿ-ನ್ಯಾಟ್ ಖಚಿತ. ತಾತ್ಕಾಲಿಕ ಟನಲ್‌ನಲ್ಲಿ ಲಂಡನ್, ನ್ಯೂಜೆರ್ಸಿ ಇಬ್ಬರೂ ಒಳಗೆ ಬಂದರು. ಹಾಳೆ, ಕ್ಲಾಕ್ ಶೀಟ್‌ಗೆ ಹೋಗಿವೆ, ಹಾಸನದವರಿಗೂ ತಿದ್ದುವ ಹಕ್ಕು ಕೊಟ್ಟಿದೆ. ಈ ಶನಿವಾರಕ್ಕೆ ನಾಲ್ವರ ಹೆಸರೂ ಬಂತು.

ಒಂದು ಉಳಿದಿದೆ: ಎರಡನೇ ಯುಪಿಎಸ್ ಹಾಕಿದ ಮೇಲೆ ಡಬ್ಬಿ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತಿದೆ, ಕರೆಂಟ್ ಇದ್ದಾಗಲೂ. ಡಬ್ಬಿಯ ಅಡಾಪ್ಟರ್ 12 ವೋಲ್ಟ್ 1 ಆಂಪಿಯರ್, ಯುಪಿಎಸ್ 12 ವೋಲ್ಟ್ 2 ಆಂಪಿಯರ್. ಹೆಚ್ಚಾಯಿತೇ?

ಬೆಳಕು_12ವೋಲ್ಟ್:

ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಡಬ್ಬಿ ತನಗೆ ಬೇಕಾದಷ್ಟೇ ಎಳೆಯುತ್ತದೆ. ಪಿನ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಲೈಟು ಮಿಣುಕಿದರೆ ಅದೇ 2.1, 2.5 ಗಲಾಟೆ. ಯುಪಿಎಸ್ ಜೊತೆ ಬಂದ ಇನ್ನೊಂದು ವೈರ್ ಹಾಕಿ ನೋಡಿ, ಸಾಮಾನ್ಯವಾಗಿ ಎರಡೂ ಅಳತೆ ಡಬ್ಬದಲ್ಲೇ ಇರುತ್ತವೆ.

ಮೂಡಿಗೆರೆ_ಮಳೆ:

ಮಿಣುಕಿತು. ವೈರ್ ಬದಲಾಯಿಸಿದೆ, ಈಗ ಗಟ್ಟಿಯಾಗಿ ಕೂತಿದೆ.